ಮೂಗಿಗೆ ಸಿಗದ ಗಿಡ

"ಕುರಪಿ ಕೆಳಗಿಡು, ಕಳಕ್ಯಾ. ಇಡ್ತಿಯೋ, ಇಲ್ಲಾ ಅದನ್ನ ಕಸ್ಕೊಂಡು ನಿನ್ನ ಬೆನ್ನಿಗೆ ಹಾಕ್ಲೋ?"

ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡಕ್ಕೆ ಅಡ್ಡ ನಿಂತಿದ್ದಳು. ತಮ್ಮನ ಕೈಯಲ್ಲಿದ್ದ ಕಳೆ ಕೀಳುವ ಕುರಪಿ ಆಗಲೇ ಒಂದು ಎಲೆಯನ್ನು ಹರಿದಿತ್ತು.

"ಅಕ್ಕಾ, ಸರಿ ಆ ಕಡೆ. ಒಂದು ಗಿಡದ ಸಲುವಾಗಿ ಇಡೀ ಹಿತ್ತಲ ಬೇಯಿಸ್ಕೋತಿಯೇನು?"

"ಬೇಯಲಿ. ನೀ ಕೀಳಬ್ಯಾಡ."

"ಅದೇನು ನಿನ್ನ ಹೊಟ್ಯಾಗ ಹುಟ್ಟೇತೇನು?"

"ನೀ ಹುಟ್ಟೀಯೇನು? ಎರಡು ದಿನ ಇದ್ದು ಹೋಗ್ತೇನಿ ಅಂತ ಚೀಲ ಹಿಡ್ಕೊಂಡು ಬಂದಿ. ಕುಂತಲ್ಲೇ ನಿನ್ನ ತಲಿ ಬೆಳ್ಳಗಾತು. ನಾ ಯಾವತ್ತರ ಕುರಪಿ ತಗೊಂಡು ನಿನ್ನ ಮುಂದ ಬಂದೀನೇನು?"

ಕಳಕಪ್ಪ ಕುರಪಿ ಇಳಿಸಿದ. ಮಾತು ನಿಜ. ಹೆಂಡತಿಯ ಸಂಗಡ ಜಗಳವಾಡಿ ಅಕ್ಕನ ಮನೆಗೆ ಬಂದವನು ಅವನು. ಗಂಡ ತೀರಿಕೊಂಡ ಮೇಲೆ ಜಗಳಕ್ಕೆ ಜನ ಸಿಗದೆ ಕುಳಿತಿದ್ದವಳು ಅವಳು. ಹೀಗಾಗಿ ಇಬ್ಬರಿಗೂ ಹೊಂದಿಕೆಯಾಯಿತು. ಇವರ ದನಿ ಕೇಳದ ದಿನ ಓಣಿಯವರು ಯಾರಿಗೆ ಆರಾಮಿಲ್ಲವೋ ಎಂದು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು.

ಅವನು ಕುರಪಿಯನ್ನು ಗೋಡೆಯ ಬುಡಕ್ಕೆ ಒಗೆದ. ಹರಿದ ಎಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಕೆಲಸಕ್ಕೆ ಹೊರಟ. ಅಷ್ಟರಲ್ಲಿ ಪಕ್ಕದ ಹಿತ್ತಲಿನಿಂದ ಮೂಗು ಕಾಲೆತ್ತಿ ಗೋಡೆ ದಾಟಿ ಒಳಗೆ ಬಂತು.

ನವಿಲಗುಡ್ಡದ ಜನ ಆ ಯಂತ್ರವನ್ನು ಮೂಗು ಎಂದೇ ಕರೆಯುತ್ತಿದ್ದರು. ಸರ್ಕಾರ ಇಟ್ಟ ಹೆಸರು ಬೇರೆ ಏನೋ ಇತ್ತು, ಅದನ್ನು ನೆನಪಿಟ್ಟುಕೊಳ್ಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಕೊಕ್ಕರೆಯ ಹಾಗೆ ಉದ್ದನೆಯ ತೆಳು ಕಾಲು, ಮೇಲೆ ಹಿತ್ತಾಳೆ ಬಣ್ಣದ ಸಣ್ಣ ಸೊಂಡಿಲು. ಸಪ್ಪಳ ಮಾಡದೆ ಹಿತ್ತಲಿಂದ ಹಿತ್ತಲಿಗೆ ದಾಟುತ್ತ ಪ್ರತಿ ಗಿಡದ ಎಲೆಗೂ ಸೊಂಡಿಲು ತಾಗಿಸಿ ಮೂಸುತ್ತಿತ್ತು. ಎಲೆ ಉಸಿರಾಡುವಾಗ ಹೊರಬೀಳುವ ಆವಿಗಳನ್ನು ಒಳಗೆಳೆದುಕೊಂಡು, ತಾನು ಕಲಿತ ಲಕ್ಷಾಂತರ ವಾಸನೆಗಳ ಜೊತೆ ಹೋಲಿಸಿ, ಮೆಲ್ಲಗೆ ಹೆಸರು ಹೇಳುತ್ತಿತ್ತು. ಇರಬೇಕಾದ ಗಿಡವಾದರೆ ತಲೆಯ ಮೇಲೆ ಹಸಿರು ದೀಪ. ಕಳೆಯಾದರೆ ಕೆಂಪು ದೀಪ ಹತ್ತಿಸಿ ತಾನೇ ಕಿತ್ತು ಹಾಕುತ್ತಿತ್ತು.

ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಹೊತ್ತಿಗೆ ಮೂಗುಗಳ ದನಿ ಗಾಳಿಯಲ್ಲಿ ತೇಲುತ್ತಿತ್ತು. ಒಂದು ಕಡೆಯಿಂದ ಅಬ್ಬಲಿಗೆ. ಇನ್ನೊಂದು ಕಡೆಯಿಂದ ಗುಲಬಾಕ್ಷಿ. ದೂರದಿಂದ ಕಣಗಿಲ, ಅದಕ್ಕೂ ದೂರದಿಂದ ಉತ್ತರಾಣಿ. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಜನ ಹೂವಿನ ಹೆಸರುಗಳ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ತೊಟ್ಟಿಲ ಕೂಸುಗಳು ಅವ್ವ ಎನ್ನುವ ಮೊದಲೇ ತುಂಬೆ ಎನ್ನುತ್ತಿದ್ದವು.

ಇದೆಲ್ಲ ಬಂದದ್ದು ಬೂದಿಬಳ್ಳಿಯ ದೆಸೆಯಿಂದ. ಹಿಂದೆ ಯಾವುದೋ ಹಿತ್ತಲಲ್ಲಿ ಹೆಸರು ಗೊತ್ತಿಲ್ಲದ ಬಳ್ಳಿಯೊಂದು ಹುಟ್ಟಿತು. ಹೂವು ಚಂದ, ತಿಳಿ ನೇರಳೆ. ಇರಲಿ ಬಿಡು ಎಂದರು. ಹೆಣ್ಣುಮಕ್ಕಳು ಹೆರಳಿಗೆ ಮುಡಿದರು. ಮರುವರ್ಷ ಅದು ಎರೆಹೊಲಕ್ಕೆ ನುಗ್ಗಿ ಜೋಳವನ್ನೆಲ್ಲ ಹೊದ್ದು ಮಲಗಿತು. ರೊಟ್ಟಿಯ ಊರಿನಲ್ಲಿ ರೊಟ್ಟಿ ಇಲ್ಲದಂತಾಯಿತು. ಆಮೇಲೆ ಕಾಯಿದೆ ಬಂತು: ಹೆಸರಿಲ್ಲದ ಗಿಡ ಯಾವ ಹಿತ್ತಲಲ್ಲೂ ಇರಕೂಡದು. ಅಮಾವಾಸ್ಯೆಯ ಒಳಗೆ ಗುರುತು ಸಿಗದಿದ್ದರೆ ಹಬೆಗಾಡಿ ಬಂದು ಆ ಹಿತ್ತಲ ಮಣ್ಣನ್ನೇ ಬೇಯಿಸಿಬಿಡುತ್ತಿತ್ತು. ಬೆಂದ ಮಣ್ಣಿನಲ್ಲಿ ಕರಕಿ ಹುಲ್ಲು ಕೂಡ ವರ್ಷಾನುಗಟ್ಟಲೆ ಚಿಗುರುತ್ತಿರಲಿಲ್ಲ. ಹೀಗಾಗಿ ಜನ ಹಕ್ಕಿ ಹಾಕಿದ ಬೀಜದಿಂದ ಏನಾದರೂ ಮೊಳೆತರೆ ನೋಡುವ ಮೊದಲೇ ಕಿತ್ತೊಗೆಯುವುದನ್ನು ಕಲಿತರು. ಏನರ ಆದೀತು, ಇರಲಿ ಎನ್ನುವ ಮಾತು ಊರಿನ ಬಾಯಿಂದಲೇ ಹೋಯಿತು.

ಸಾವಂತ್ರೆವ್ವನ ಬಾಯಿಂದ ಹೋಗಿರಲಿಲ್ಲ.

ಬಚ್ಚಲ ನೀರು ಹರಿಯುವ ಕಡೆ ಅದು ತಾನಾಗಿ ಹುಟ್ಟಿತ್ತು. ಹಗಲೆಲ್ಲ ಎಲೆ ಮಡಚಿಕೊಂಡು ಬೂದಿ ಬಣ್ಣದ ಕಟ್ಟಿನ ಹಾಗೆ ಕೂತಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ಎಲೆ ಬಿಚ್ಚಿ, ನಡುವೆ ನೀರಿನಲ್ಲಿ ಬಿದ್ದ ಚಂದ್ರನ ಬಣ್ಣದ ಸಣ್ಣ ಹೂ ತೆರೆಯುತ್ತಿತ್ತು. ಮುಟ್ಟಸಂಜೆಯಾದ ಮೇಲೆ ಗಿಡ ಮುಟ್ಟಬಾರದು, ಮಲಗಿರುತ್ತವೆ ಎನ್ನುವುದು ಆ ಊರಿನ ರೂಢಿ. ಆದ್ದರಿಂದ ಸಾವಂತ್ರೆವ್ವ ಕೈಗೆ ಕೆಲಸವಿಲ್ಲದೆ ಆ ಗಿಡದ ಪಕ್ಕ ಕಲ್ಲಿನ ಮೇಲೆ ಕೂರುತ್ತಿದ್ದಳು. ಅಂದಿನ ಜಗಳಗಳನ್ನೆಲ್ಲ ಅದಕ್ಕೆ ಹೇಳುತ್ತಿದ್ದಳು. ತಮ್ಮ ಎದುರು ಮಾತಾಡುತ್ತಿದ್ದ, ಗಿಡ ಆಡುತ್ತಿರಲಿಲ್ಲ. ಅದಕ್ಕೇ ಅದು ಆಕೆಗೆ ಸೇರಿತ್ತು.

ಮೂಗು ಎಂದಿನಂತೆ ಬಂದು ಅದರ ಮುಂದೆ ನಿಂತಿತು. ಸೊಂಡಿಲು ತಾಗಿಸಿತು. ಮತ್ತೆ ತಾಗಿಸಿತು. ದೀಪ ಹಸಿರೂ ಆಗಲಿಲ್ಲ, ಕೆಂಪೂ ಆಗಲಿಲ್ಲ.

"ಇಲ್ಲಿ ಏನೂ ಇಲ್ಲ" ಎಂದಿತು.

ಮುಂದಿನ ಹಿತ್ತಲಿಗೆ ದಾಟಿತು.

*

ಹೆಸರುಮನೆ ಊರ ಹೊರಗೆ ದಿನ್ನೆಯ ಮೇಲಿತ್ತು. ಊರಿನ ಮೂಗುಗಳೆಲ್ಲ ಮೂಸಿದ್ದು ಅಲ್ಲಿಗೆ ಬರುತ್ತಿತ್ತು. ಕತ್ತಲು ಕೋಣೆ, ಗೋಡೆಯುದ್ದಕ್ಕೂ ಪರದೆಗಳು, ಅವುಗಳ ಮೇಲೆ ಮಿಣುಕುವ ಸಾವಿರಾರು ಹಸಿರು ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ಗಿಡ. ಮೂಗು ತಡವರಿಸಿದ ಕಡೆ ಮನುಷ್ಯರು ಕೂತು ನೋಡಬೇಕಿತ್ತು, ಕಳಕಪ್ಪನ ಕೆಲಸ ಅದು. ಸ್ವಂತ ಮನೆಯ ಹಿತ್ತಲಲ್ಲಿ ಹೆಸರು ಸಿಗದ ಒಂದು ಕಪ್ಪು ಚುಕ್ಕೆ ಇಟ್ಟುಕೊಂಡು ಬೇರೆಯವರ ಹಿತ್ತಲು ನೋಡುವುದು ಅವನಿಗೆ ನಾಚಿಕೆಯಾಗಿತ್ತು.

ಅವನ ಮೇಲಿನವರು ದಾವಲಬಿ. ಸಿಟ್ಟು ಮಾಡದ ಹೆಂಗಸು. ಆಕೆಗೆ ಸಿಟ್ಟು ಬರಿಸಲು ಕಳಕಪ್ಪ ಬಹಳ ಪ್ರಯತ್ನ ಮಾಡಿ ಬಿಟ್ಟಿದ್ದ. ಅವತ್ತು ಅವನು ಬಂದವನೇ ಯಂತ್ರ ಕೆಟ್ಟಿದೆ, ಅದನ್ನು ಗುಜರಿಗೆ ಹಾಕಿರಿ ಎಂದು ಕೂಗಾಡಿದ. ದಾವಲಬಿ ಅವನು ಮುಗಿಸುವ ತನಕ ಕಾಯ್ದು, ಬೇರೆಯದೇ ಮಾತು ತೆಗೆದರು.

"ಕಳಕಪ್ಪ, ಬರೇ ಗಾಳಿ ಮೂಸಿದ್ರೂ ಧೂಳಿನ ವಾಸನಿ ಅಂತ ಚೂರು ಬರತೈತಿ. ನಿಮ್ಮ ಗಿಡದ್ದು ಪೂರಾ ಸೊನ್ನಿ. ಅಷ್ಟು ಚೊಕ್ಕ ಸೊನ್ನಿ ಎಲ್ಲಿಂದ ಬರತೈತಿ ಹೇಳ್ರಿ?"

ಅವನು ಪರದೆಯ ಹತ್ತಿರ ಬಗ್ಗಿ ನೋಡಿದ.

"ಇದ್ದದ್ದನ್ನ ಇದ್ದಷ್ಟೂ ಕಳೆದ್ರ ಬರತೈತಿ" ಎಂದರು ದಾವಲಬಿ.

ಆಗ ಅವನಿಗೆ ಸೀಗಿ ಹುಣ್ಣಿಮೆ ನೆನಪಾಯಿತು. ಮೂಗುಗಳು ಹೊಸದಾಗಿ ಬಂದ ವರ್ಷದ ಮಾತು. ಆ ಹುಣ್ಣಿಮೆಗೆ ಪೈರು ಬಸುರಿ ಎಂದು ಹೊಲಕ್ಕೆ ಹೋಗಿ ಪೂಜೆ ಮಾಡುವ ನಾಡು ಅದು. ನವಿಲಗುಡ್ಡದ ಹೆಂಗಸರು ಹೊಲದಲ್ಲಿ ಮುಗಿಸಿದ ಮೇಲೆ ಹಿತ್ತಲ ಗಿಡಗಳಿಗೂ ಒಂದೂ ಬಿಡದೆ ಅರಿಸಿನ ಕುಂಕುಮ ಹಚ್ಚಿ, ಬಸುರಿಯ ಮೈ ಸವರಿದ ಹಾಗೆ ಸವರಿ ಬಂದಿದ್ದರು. ಮರುದಿನ ಮೂಗುಗಳಿಗೆ ತಲೆ ಕೆಟ್ಟಿತು. ಬದನೆ ಗಿಡಕ್ಕೂ ಮನುಷ್ಯರ ಕೈ ಎಂದವು, ತುಳಸಿಗೂ ಮನುಷ್ಯರ ಕೈ ಎಂದವು. ಹೊರಗಿನಿಂದ ಎಂಜಿನಿಯರುಗಳು ಬಂದು ಗಿಡ ಮುಟ್ಟಬೇಡಿರಿ ಎಂದು ಹೇಳಿ ನೋಡಿದರು. ಹೆಂಗಸರು ಅವರಿಗೆ ಹೋಳಿಗೆ ಉಣಿಸಿ ವಾಪಸು ಕಳಿಸಿದರು. ಕೊನೆಗೆ ಅವರು ಈ ಊರಿನ ಮೂಗುಗಳಿಗೆ ಮಾತ್ರ ಒಂದು ಪಾಠ ಕಲಿಸಿದರು. ಆಯಾ ಮನೆಯವರ ಮೈವಾಸನೆಯನ್ನು ಮೊದಲೇ ಗುರುತು ಮಾಡಿಕೊಂಡು, ಎಲೆಯ ವಾಸನೆಯಿಂದ ಅದನ್ನು ಕಳೆದು, ಉಳಿದದ್ದಕ್ಕೆ ಹೆಸರು ಹೇಳಬೇಕು. ಕಳೆದ ಮೇಲೆ ಏನೂ ಉಳಿಯದ ಗಿಡವೂ ಇರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಕಳಕಪ್ಪ ಕಿಸೆಯಿಂದ ಬಾಡಿದ ಎಲೆ ತೆಗೆದ. ದಾವಲಬಿ ಕಳೆಯುವ ಪಾಠವನ್ನು ನಿಲ್ಲಿಸಿ ಎಲೆಯನ್ನು ಗಾಜಿನ ಗೂಡಿನೊಳಗೆ ಇಟ್ಟರು. ಯಂತ್ರ ಬಹಳ ಹೊತ್ತು ಉಸಿರೆಳೆದುಕೊಂಡಿತು. ಪರದೆಯ ಮೇಲೆ ಅಕ್ಷರ ಮೂಡಿದವು.

ಸಾವಂತ್ರೆವ್ವ.

ದಾವಲಬಿ ನಕ್ಕರು. ನಗು ಅರ್ಧಕ್ಕೆ ನಿಂತಿತು. ಕಳಕಪ್ಪ ಎಲೆಯನ್ನು ತನ್ನ ಮೂಗಿನ ಹತ್ತಿರ ಹಿಡಿದ. ಜೋಳದ ಹಿಟ್ಟು, ಕೊಬ್ಬರಿ ಎಣ್ಣೆ, ಒಲೆಯ ಹೊಗೆ, ಇವುಗಳ ಅಡಿಯಲ್ಲಿ ಹೆಸರಿಲ್ಲದ ಇನ್ನೊಂದು. ಸಣ್ಣವನಿದ್ದಾಗ ಜ್ವರ ಬಂದರೆ ಅಕ್ಕ ತನ್ನ ಕೌದಿಯೊಳಗೆ ಎಳೆದುಕೊಂಡು ಮಲಗಿಸುತ್ತಿದ್ದಳು. ಆ ಕೌದಿಯ ಒಳಗಿನ ಕತ್ತಲು ಅದು.

ದಾವಲಬಿ ಆ ದಿನವೆಲ್ಲ ಕೂತು ಎಲೆಯನ್ನು ಸೀಳಿ ನೋಡಿ ತಿಳಿದಷ್ಟು ಹೇಳಿದರು. ಈ ಗಿಡಕ್ಕೆ ಒಂದು ಉಪಾಯ ಗೊತ್ತು. ಸ್ವಂತ ವಾಸನೆಯನ್ನು ಹೊರಗೆ ಬಿಟ್ಟರೆ ಎಲೆ ತಿನ್ನುವ ಹುಳ ಗುರುತು ಹಿಡಿಯುತ್ತದೆ. ಆದ್ದರಿಂದ ಪಕ್ಕದಲ್ಲಿ ಯಾರಿರುತ್ತಾರೋ ಅವರ ವಾಸನೆಯನ್ನು ಹೊದ್ದುಕೊಳ್ಳುತ್ತದೆ. ಸಂಜೆ ಎಲೆಯ ರಂಧ್ರ ತೆರೆದಾಗ ಸುತ್ತಲಿನ ಆವಿಯನ್ನು ಕುಡಿದು ಎಣ್ಣೆಯಲ್ಲಿ ಕೂಡಿಡುತ್ತದೆ. ಒಮ್ಮೆ ಬಲಿತ ಎಲೆ ಕಲಿತದ್ದನ್ನು ಬಿಡುವುದಿಲ್ಲ. ಎಳೆ ಎಲೆ ಮಾತ್ರ ಹೊಸದನ್ನು ಕಲಿಯುತ್ತದೆ. ಸುತ್ತ ಯಾವ ಮನುಷ್ಯರೂ ಇಲ್ಲದೆ ಬೆಳೆದ ಎಲೆಗಳಲ್ಲಿ ಅದರ ಸ್ವಂತ ವಾಸನೆ ಬಂದೀತು, ಅದಕ್ಕೆ ಹೆಸರು ಸಿಕ್ಕೀತು.

ಇದನ್ನೇ ಮೇಲಕ್ಕೆ ಬರೆದು ಕಳಿಸೋಣ ಎಂದ ಕಳಕಪ್ಪ. ದಾವಲಬಿ ತಲೆಯಾಡಿಸಿದರು. ಮನುಷ್ಯರ ವಾಸನೆ ಹೊದ್ದು ಅಡಗುವ ಗಿಡ ಎಂದು ಬರೆದರೆ ಹಬೆಗಾಡಿ ಅಮಾವಾಸ್ಯೆಯ ತನಕವೂ ಕಾಯುವುದಿಲ್ಲ. ಬೂದಿಬಳ್ಳಿ ಕಂಡ ಜನ ಅಡಗುವುದನ್ನು ಕ್ಷಮಿಸುವುದಿಲ್ಲ.

*

ಸಾವಂತ್ರೆವ್ವ ಮೊದಲು ನಂಬಲಿಲ್ಲ. ಎಲೆ ಮೂಸಿ, ಏನೂ ವಾಸನೆ ಇಲ್ಲ, ನಿಮ್ಮ ಹೆಸರುಮನೆಯವರಿಗೆ ಮಾಡಲು ಬೇರೆ ಕೆಲಸ ಇಲ್ಲ ಎಂದಳು. ತನ್ನ ವಾಸನೆ ತನಗೆ ಹೇಗೆ ಬರಬೇಕು? ಕಳಕಪ್ಪ ಕೂಗಿ ಕೂಗಿ ತಿಳಿಸಿದ. ತಿಳಿದ ಮೇಲೆ ಅವಳು ಗಿಡದ ಕಡೆ ನೋಡಿದಳು. ಹೊಸ ಸೀರೆ ಉಟ್ಟ ಸಣ್ಣ ಹುಡುಗಿಯನ್ನು ನೋಡಿದಂತೆ ನೋಡಿದಳು.

ಸಂಜೆ ಹಿತ್ತಲಿಗೆ ಹೋಗದೆ ಒಳಗೇ ಇದ್ದರೆ ಸಾಕು ಎಂದುಕೊಂಡರು. ಅವಳು ದೀಪ ಹಚ್ಚಿ ಅಡುಗೆಮನೆಯಲ್ಲಿ ಕೂತಳು. ಬಾಗಿಲು ಹಾಕಿದರೂ ಒಲೆಯ ಹೊಗೆಯ ಜೊತೆ, ತಂತಿಯ ಮೇಲೆ ಒಣಗುವ ಸೀರೆಯ ಜೊತೆ, ರೊಟ್ಟಿ ಬಡಿಯುವ ಸಪ್ಪಳದ ಜೊತೆ ಅವಳು ಹೊರಗೆ ಹೋಗುತ್ತಿದ್ದಳು. ಗಿಡ ಬಾಗತೊಡಗಿತು. ಕಲ್ಲಿನ ಕಡೆ ತೆರೆಯುತ್ತಿದ್ದ ಹೂಗಳು ಈಗ ಅಡುಗೆಮನೆಯ ಬಾಗಿಲಿನ ಕಡೆ ಮುಖ ಮಾಡಿ ತೆರೆದವು. ಬಾಗಿಲ ಸಂದಿಯಿಂದ ಅವಳು ನೋಡಿದಳು. ಬೂದುಬಣ್ಣದ ಬೆಳಕಿನಲ್ಲಿ ಸಣ್ಣ ಸಣ್ಣ ಚಂದ್ರರು ಅವಳನ್ನೇ ಹುಡುಕುತ್ತಿದ್ದರು.

ಮೂಗು ಬಂತು. ಇಲ್ಲಿ ಏನೂ ಇಲ್ಲ ಎಂದಿತು.

ಅಮಾವಾಸ್ಯೆ ಹತ್ತಿರ ಬಂತು. ಅಬ್ಬಲಿಗೆ ಸಾಲು ಅವಳ ಅತ್ತೆ ಹಾಕಿದ್ದು. ಶಾವಂತಿಗೆ ಅವಳ ಗಂಡ ಯಾವುದೋ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು. ಹಕ್ಕರಕಿ ಸೊಪ್ಪಿನ ಮಡಿಗೆ ಓಣಿಯವರೆಲ್ಲ ರೊಟ್ಟಿ ಹಿಡಿದುಕೊಂಡು ಬರುತ್ತಿದ್ದರು. ಒಂದು ಗಿಡ ಉಳಿಸಿಕೊಂಡರೆ ಇವೆಲ್ಲ ಹಬೆಗೆ ಹೋಗುತ್ತವೆ. ಇದು ಅವಳಿಗೆ ತಿಳಿಯದ ಲೆಕ್ಕವಲ್ಲ. ರೊಟ್ಟಿ ಬಡಿಯುತ್ತಲೇ ಅಬ್ಬಲಿಗೆ ಸಾಲನ್ನು ನೋಡುತ್ತಿದ್ದಳು, ಆ ಗಿಡವನ್ನು ನೋಡುತ್ತಿದ್ದಳು, ರೊಟ್ಟಿ ಸೀಯುತ್ತಿತ್ತು.

ಒಂದು ಮಧ್ಯಾಹ್ನ ಊರು ಮಲಗಿದ್ದಾಗ ಕಳಕಪ್ಪ ಗೋಡೆಯ ಬುಡದಿಂದ ಕುರಪಿ ಎತ್ತಿಕೊಂಡ. ಅಕ್ಕನಿಗೆ ಎಚ್ಚರವಾಗುವ ಮೊದಲೇ ಮುಗಿಸಬೇಕೆಂದು ಗಿಡದ ಬುಡದಲ್ಲಿ ಕೂತ. ಮಣ್ಣಿಗೆ ಕುರಪಿ ಹಾಕಲು ಬಗ್ಗಿದ. ಬಗ್ಗಿದಾಗ ಮುಖ ಎಲೆಗಳ ನಡುವೆ ಹೋಯಿತು. ಕೌದಿಯ ಕತ್ತಲು ಅವನನ್ನು ಮುಚ್ಚಿತು. ದೂರದಲ್ಲಿ ಮೂಗೊಂದು ಗುಲಬಾಕ್ಷಿ, ಗುಲಬಾಕ್ಷಿ ಎನ್ನುತ್ತಿತ್ತು. ಅವನು ಹಾಗೇ ಎಷ್ಟು ಹೊತ್ತು ಬಗ್ಗಿದ್ದನೋ ಅವನಿಗೇ ತಿಳಿಯಲಿಲ್ಲ. ತಲೆಯೆತ್ತಿದಾಗ ಸಾವಂತ್ರೆವ್ವ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಅವಳು ಬೈಯದಿದ್ದದ್ದು ಅವನಿಗೆ ಹೆದರಿಕೆ ತಂದಿತು.

"ಯಾಕ, ಕೀಳಲಿಲ್ಲ?" ಎಂದಳು.

"ನಿನ್ನನ್ನ ಹ್ಯಾಂಗ ಕೀಳ್ಲಿ, ಅಕ್ಕಾ."

ಅವಳು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿತು. ಹೊಳೆಯಾಚೆ ದೊಡ್ಡವ್ವನ ಮಗಳ ಮನೆ ಇದೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಕಳಕಪ್ಪನ ಮುಖ ಅರಳಿತು. ಇದೇ ಸರಿ, ತಾನೂ ಹೆಸರುಮನೆಯಲ್ಲೇ ಮಲಗುತ್ತೇನೆ, ಹಿತ್ತಲಿಗೆ ನೀರನ್ನು ಪೈಪಿನಲ್ಲಿ ಹೊರಗಿನಿಂದ ಬಿಡುತ್ತೇನೆ, ಹೊಸ ಎಲೆ ಬಂದು ಹೆಸರು ಸಿಕ್ಕ ದಿನವೇ ಹೇಳಿ ಕಳಿಸುತ್ತೇನೆ, ಬಂದುಬಿಡು ಎಂದ.

ಅವಳು ಸೀರೆ ಮಡಚುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಬಂದ್ರ ಅದು ಮತ್ತ ನನ್ನ ಹೊದ್ಕೋತೈತಿ. ಮೂಗು ಮತ್ತ ಏನೂ ಇಲ್ಲ ಅಂತೈತಿ. ಹೆಸರುಮನ್ಯಾಗ ಇಷ್ಟು ವರ್ಷ ಕುಂತು ಏನ್ ಕಲ್ತಿ, ಹುಚ್ಚಾ?"

ಅವಳು ತಿರುಗಿ ಬರಲು ಹೊರಟಿಲ್ಲ ಎಂಬುದು ಅವನಿಗೆ ಈಗ ತಿಳಿಯಿತು. ಸಿಟ್ಟು ಬಂತು. ಹಾಗಾದರೆ ಈಗಲೇ ಕಿತ್ತು ಒಗೆಯುತ್ತೇನೆ, ಅದಕ್ಕಾಗಿ ನೀನು ಮನೆ ಬಿಡಬೇಕೇ, ಮನೆ ಯಾರದು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಹಿತ್ತಲಿಗೂ ಬಾಗಿಲಿಗೂ ನಡುವೆ ಗೋಡೆ ಕಟ್ಟಿಸುತ್ತೇನೆ, ನೀನು ಮುಂದಿನ ಪಡಸಾಲೆಯಲ್ಲೇ ಇರು ಎಂದ.

"ಹಿತ್ತಲಿಗೆ ಹೋಗದಂಗ ನಾ ಈ ಮನ್ಯಾಗ ಇರೂದಾ?" ಎಂದಳು. "ಅದಕಿಂತ ಹೊಳಿ ಆಚೆ ಚಲೋ. ತಾನಾಗೇ ಬಂದೈತಿ, ಕಳಕಪ್ಪ. ಈ ಮನ್ಯಾಗ ಬಂದವರನ್ನ ಯಾರೂ ಹೊರಗ ಹಾಕಿಲ್ಲ. ಹಾಕಿದ್ರ ನೀನೂ ಇರ್ತಿದ್ದಿಲ್ಲ."

ಸಣ್ಣಂದಿನಿಂದ ಅವಳು ಅವನನ್ನು ಕಳಕ್ಯಾ ಎನ್ನುತ್ತಿದ್ದಳು. ಪೂರಾ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಮೊದಲೇ ಹೊರಟಳು. ಗಿಡ ಇನ್ನೂ ಎಲೆ ಬಿಚ್ಚಿರಲಿಲ್ಲ. ಅದನ್ನು ಮುಟ್ಟಲಿಲ್ಲ, ಅದರ ಜೊತೆ ಮಾತಾಡಲಿಲ್ಲ. ಶಾವಂತಿಗೆಯ ಒಂದು ಒಣ ಎಲೆಯನ್ನು ಚಿವುಟಿ ಒಗೆದು, ಹಿತ್ತಲ ಬಾಗಿಲ ಅಗಳಿ ತೆಗೆದು, ಚೀಲ ಹಿಡಿದು ಓಣಿಗೆ ಇಳಿದಳು. ತಿರುವಿನ ತನಕ ಕಳಕಪ್ಪ ಅವಳ ಹಿಂದೆ ಬೈಯುತ್ತ ಹೋದ. ತಿರುವಿನಲ್ಲಿ ಅವನ ದನಿ ನಿಂತಿತು, ಅವಳ ಕಾಲು ನಿಲ್ಲಲಿಲ್ಲ.

*

ಗಿಡಕ್ಕೆ ಹೊಸ ಎಲೆ ಬಂದವು. ಅಮಾವಾಸ್ಯೆಯ ಹಿಂದಿನ ದಿನ ಮೂಗು ಅದರ ಮುಂದೆ ನಿಂತು, ಹಸಿರು ದೀಪ ಹತ್ತಿಸಿ, ಉದ್ದನೆಯ ಹೆಸರೊಂದನ್ನು ಹೇಳಿತು. ಕಡಲಾಚೆಯ ಯಾವುದೋ ಕಾಡಿನ ಗಿಡವಂತೆ. ಹಬ್ಬಿ ಪೀಡಿಸುವ ಜಾತಿಯಲ್ಲ, ಇರಬಹುದು ಎಂದು ಹೆಸರುಮನೆ ಒಪ್ಪಿತು. ಆ ಹೆಸರು ಓಣಿಯ ಯಾರ ನಾಲಿಗೆಗೂ ಹೊರಳಲಿಲ್ಲ. ಹಬೆಗಾಡಿ ಬರಲಿಲ್ಲ. ಓಣಿಯವರು ಗೋಡೆಯ ಆಚೆಯಿಂದಲೇ ಕೈಚಾಚಿ ಹಕ್ಕರಕಿ ಕೊಯ್ದುಕೊಂಡರು.

ಕಳಕಪ್ಪ ಹೊಳೆಯಾಚೆಗೆ ಹೇಳಿ ಕಳಿಸಿದ. ಆಮೇಲೆ ತಾನೇ ಹೋಗಿ ಜಗಳವಾಡಿ ಬಂದ. ಸಾವಂತ್ರೆವ್ವ ಬರಲಿಲ್ಲ. ಅಲ್ಲಿಯೂ ಬಚ್ಚಲ ಹಿಂದೆ ಒಂದು ಅಬ್ಬಲಿಗೆ ಸಾಲು ಹಾಕಿದ್ದಾಳೆ ಎಂದು ದಾವಲಬಿಗೆ ಹೇಳಿದ. ಹೇಳಿ, ಇನ್ನು ಆ ಮಾತು ತೆಗೆಯಬೇಡಿರಿ ಎಂದ. ದಾವಲಬಿ ತೆಗೆದಿರಲಿಲ್ಲ.

ಈಗಲೂ ಅವನು ಹಗಲು ಮನೆಗೆ ಬಂದು ಉಂಡು ಹೋಗುತ್ತಾನೆ. ಸಂಜೆ ಮನೆಯಲ್ಲಿ ಇರುವುದಿಲ್ಲ, ಹಿತ್ತಲಿಗಂತೂ ಇಳಿಯುವುದಿಲ್ಲ. ಹತ್ತಿರ ಹೋದರೆ ಎಳೆ ಎಲೆಗಳು ಅವನನ್ನು ಹೊದ್ದುಕೊಳ್ಳುತ್ತವೆ. ಹಳೆಯ ಎಲೆಗಳೆಲ್ಲ ಹಣ್ಣಾಗಿ ಬಿದ್ದಿವೆ. ಬುಡದಲ್ಲಿ, ಕಲ್ಲಿನ ಕಡೆಗೆ, ಅಕ್ಕ ಇದ್ದಾಗ ಬಲಿತ ಎಲೆಯೊಂದು ಮಾತ್ರ ಇನ್ನೂ ಉಳಿದಿದೆ. ಆ ಎಲೆಯ ವಿಷಯ ಅವನೂ ಮೇಲಕ್ಕೆ ತಿಳಿಸಿಲ್ಲ, ದಾವಲಬಿಯೂ ಕೇಳಿಲ್ಲ.

ಮಧ್ಯಾಹ್ನ ಊರು ಮಲಗಿದಾಗ ಅವನು ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಒರಗಿ ಕೂತು ಕೇಳುತ್ತಾನೆ. ಮೂಗು ಗೋಡೆ ದಾಟಿ ಬರುತ್ತದೆ. ಅಬ್ಬಲಿಗೆ ಎನ್ನುತ್ತದೆ. ಶಾವಂತಿಗೆ ಎನ್ನುತ್ತದೆ. ಯಾರಿಗೂ ಬಾರದ ಆ ಉದ್ದ ಹೆಸರನ್ನು ಎಲೆ ಎಲೆಗೂ ಹೇಳುತ್ತದೆ. ಆಮೇಲೆ ಸೊಂಡಿಲು ಕೆಳಗಿಳಿಸಿ, ಕಲ್ಲಿನ ಪಕ್ಕದ ಆ ಒಂದು ಎಲೆಯ ಮುಂದೆ ತಡೆದು ನಿಲ್ಲುತ್ತದೆ.

ಇಲ್ಲಿ ಏನೂ ಇಲ್ಲ ಎನ್ನುತ್ತದೆ.

ಅಷ್ಟು ಕೇಳಿಸಿಕೊಂಡು ಕಳಕಪ್ಪ ಎದ್ದು ಕೆಲಸಕ್ಕೆ ಹೋಗುತ್ತಾನೆ.